ಉಣಕಲ್ ದಂಡೆಯಿಂದ ಮಾಂಡೋವಿಗೆ: ಮೊದಲ ಸಲ ಯಾಟ್ ಗೊತ್ತು ಮಾಡುವವರಿಗೆ

ಮಗಳ ಹುಟ್ಟುಹಬ್ಬ, ಅಪ್ಪ-ಅವ್ವನ ಮದುವೆಯ ಇಪ್ಪತ್ತೈದನೇ ವರ್ಷ, ಎಲ್ಲಕ್ಕಿಂತ ಹೆಚ್ಚಾಗಿ ಪ್ರೀ-ವೆಡ್ಡಿಂಗ್ ಫೋಟೋ. ಇಂಥ ಮಾತು ಬಂದಾಗ ಹುಬ್ಬಳ್ಳಿಯ ಮನೆಗಳಲ್ಲಿ ಈಗ ಯಾರಾದರೊಬ್ಬರು ‘ಗೋವಾದಾಗ ಒಂದ್ ಯಾಟ್ ತಗೊಂಡ್ರ ಹ್ಯಾಂಗ?’ ಅನ್ನುತ್ತಾರೆ. ಮರುಗಳಿಗೆಗೇ ಇನ್ನೊಬ್ಬರು ಫೋನ್ ತೆಗೆದು ಇನ್‌ಸ್ಟಾಗ್ರಾಂ ತೋರಿಸುತ್ತಾರೆ. ಬಿಳಿ ಡೆಕ್ಕು, ನೀಲಿ ನೀರು, ಕಪ್ಪು ಕನ್ನಡಕ. ಅಲ್ಲಿಗೆ ಬೋಟು ಆರಿಸಿ ಆಯಿತು. ನನ್ನ ಲೆಕ್ಕದಲ್ಲಿ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಮೊದಲು ಕೇಳಬೇಕಾದ್ದು ಎರಡೇ: ಬೋಟು ನಡೆಸುವವರು ಯಾರು, ಎಷ್ಟು ಮಂದಿಗೆ ಅದರ ಪರವಾನಗಿ ಇದೆ. ಸೋಫಾ, ಸ್ಪೀಕರು, ಫೋಟೋ ತೆಗೆಯುವ ಮೂತಿ ಎಲ್ಲ ಆಮೇಲೆ.

ಉಣಕಲ್‌ನವರಿಗೆ ಇಡೀ ಬೋಟನ್ನು ತಮ್ಮ ಮನೆಮಂದಿಗೇ ಬಾಡಿಗೆಗೆ ಹಿಡಿಯಬಹುದಾದ ಹತ್ತಿರದ ದೊಡ್ಡ ನೀರು ಪಣಜಿಯ ಮಾಂಡೋವಿ. ಕಾರವಾರವೂ ಹೆಚ್ಚುಕಡಿಮೆ ಅಷ್ಟೇ ದೂರ. ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲೆ ಹೋದರೆ ಕಾಳಿ ನದಿಯ ಅಳಿವೆ, ದೇವಬಾಗ, ಕೂರ್ಮಗಡ ನೋಡಬಹುದು. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಪ್ರವಾಸಿ ದೋಣಿಗಳು. ನೌಕಾನೆಲೆ ಇರುವುದರಿಂದ ಎಲ್ಲೆಂದರಲ್ಲಿ ಸುತ್ತುವಂತಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವು ಸೀಟು ಲೆಕ್ಕದ ಬೋಟುಗಳು. ಗಂಟೆ ಲೆಕ್ಕದಲ್ಲಿ, ಕ್ಯಾಪ್ಟನ್ ಸಮೇತ, ಬೇರೆ ಯಾರನ್ನೂ ಹತ್ತಿಸದೆ ಯಾಟ್ ಕೊಡುವವರು ಬೇಕೆಂದರೆ ಗೋವಾವೇ ಸರಿ.

ಮತ್ತೆ ಮಾಂಡೋವಿ ನಮಗೆ ಪರಕೀಯ ನದಿಯೇನಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾಕ್ಕೆ ಇಳಿದು ಮಾಂಡೋವಿ ಅನ್ನಿಸಿಕೊಳ್ಳುತ್ತದೆ. ಕಳಸಾ-ಬಂಡೂರಿಗಾಗಿ ನಮ್ಮಲ್ಲಿ ಎಷ್ಟು ಬಂದ್ ಆಗಿವೆ, ಎಷ್ಟು ಸಲ ರಸ್ತೆ ತಡೆದಿದ್ದಾರೆ ಎನ್ನುವುದನ್ನು ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಜಗಳ ಇನ್ನೂ ಇದೆ. ಬೋಟಿನಲ್ಲಿ ಆ ವಿಷಯ ತೆಗೆಯಬೇಡಿ ಅಂತ ಮಾತ್ರ ನನ್ನ ಸಲಹೆ, ಕ್ಯಾಪ್ಟನ್ ಗೋವಾದವರಿರುತ್ತಾರೆ.

ಮೊದಲು ಉಣಕಲ್‌ನಲ್ಲೇ ಒಂದು ಪರೀಕ್ಷೆ

ಮುಂಗಡ ಕಳಿಸುವ ಮೊದಲು ಒಂದು ಭಾನುವಾರ ಇಡೀ ತಂಡವನ್ನು ಉಣಕಲ್ ಕೆರೆಗೆ ಕರೆದುಕೊಂಡು ಹೋಗಿ. ಚಿಗರಿ ಬಸ್ಸು ಕೆರೆಯ ಎದುರಿಗೇ ನಿಲ್ಲುತ್ತದೆ. ಅಂತರಗಂಗೆ ಹಬ್ಬಿಲ್ಲದೆ ಬೋಟಿಂಗ್ ನಡೆಯುತ್ತಿದ್ದರೆ ಎಲ್ಲರೂ ಒಂದು ಸುತ್ತು ಹತ್ತಲಿ. ವಿವೇಕಾನಂದರ ಪ್ರತಿಮೆ ನೋಡುವುದು ಇದ್ದೇ ಇದೆ, ನೀವು ನೋಡಬೇಕಾದ್ದು ನಿಮ್ಮ ಮಂದಿಯನ್ನು. ಕಾಕಾ ದಂಡೆಯಿಂದ ಬೋಟಿಗೆ ಕಾಲಿಡುವಾಗ ಯಾರ ಭುಜ ಹಿಡಿಯುತ್ತಾರೆ? ಬೋಟು ಸ್ವಲ್ಪ ವಾಲಿದರೆ ವೈನಿ ನಗುತ್ತಾರೋ, ಚೀರುತ್ತಾರೋ? ಯಾವ ಮಗು ಕೈ ಹೊರಗೆ ಹಾಕುತ್ತದೆ? ಜಾಕೆಟ್ ಹಾಕಿಕೊಳ್ಳಲು ಯಾರು ತಕರಾರು ತೆಗೆಯುತ್ತಾರೆ? ಅಲೆಯೇ ಇಲ್ಲದ ಕೆರೆಯಲ್ಲಿ ಹೆದರಿದವರನ್ನು ಅಳಿವೆಗೆ ಕರೆದೊಯ್ದು ‘ಏನಾಗೂದಿಲ್ಲ ಬಾರವ್ವಾ’ ಅನ್ನುವುದು ಅನ್ಯಾಯ. ಅವರು ಪಣಜಿಯ ದಂಡೆಯಲ್ಲಿ ಕೂತು ಚಹಾ ಕುಡಿಯಲಿ, ಅದೂ ಪ್ರವಾಸವೇ.

ಜಾಕೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದನ್ನೂ ಅಲ್ಲೇ ಕಲಿತುಬಿಡಿ. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಎರಡು ಭುಜದ ಹತ್ತಿರ ಹಿಡಿದು ಜಾಕೆಟ್ಟನ್ನು ಮೇಲಕ್ಕೆ ಎತ್ತಿ. ಅದು ಗದ್ದ, ಕಿವಿಯವರೆಗೆ ಜಾರಿ ಬಂದರೆ ನೀರಿಗೆ ಬಿದ್ದಾಗಲೂ ಹಾಗೇ ಜಾರುತ್ತದೆ, ಮನುಷ್ಯ ಕೆಳಗೆ ಹೋಗುತ್ತಾನೆ. ಮಕ್ಕಳಿಗೆ ವಯಸ್ಸು ನೋಡಿ ಜಾಕೆಟ್ ಕೊಡುವುದಲ್ಲ, ತೂಕ ನೋಡಿ ಕೊಡಬೇಕು. ತೊಡೆಯ ಸಂದಿನಿಂದ ಬರುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಆದ್ದರಿಂದ ಬೋಟಿನವರಿಗೆ ಫೋನ್ ಮಾಡುವಾಗ ‘ಮಕ್ಕಳಿಗೆ ಜಾಕೆಟ್ ಅದಾವೇನ್ರಿ?’ ಎಂದಷ್ಟೇ ಕೇಳಿ ಬಿಡಬೇಡಿ. ‘ಹದಿನೈದು ಕೆಜಿ ಹುಡುಗಿ ಅದಾಳ, ಆಕೆಗೆ ಆಗೂವಂಥಾದ್ದು ಐತೇನ್ರಿ?’ ಎಂದು ಕೇಳಿ.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರಿದ್ದರು, ಮಕ್ಕಳಿದ್ದರು. ದೋಣಿಯಲ್ಲಿ ಮಿತಿ ಮೀರಿ ಜನ ಹತ್ತಿದ್ದರೆಂದು ಆಗ ವರದಿಯಾಯಿತು. ಬಯಲುಸೀಮೆಯ ನಮಗೆ ಟಂಟಂನಲ್ಲಿ ‘ಇನ್ನೊಬ್ರು ಸರಕೋರ್ರಿ’ ಅಂದು ಕೂಡಿಸಿಕೊಂಡು ರೂಢಿ. ನೀರಿನ ಮೇಲೆ ಆ ಇನ್ನೊಬ್ಬರೇ ಅಪಾಯ. ಹನ್ನೆರಡು ಮಂದಿಯ ಬೋಟಿಗೆ ನೀವು ಹದಿನಾಲ್ಕು ಮಂದಿ ಇದ್ದರೆ ದೊಡ್ಡ ಬೋಟು ತಗೊಳ್ಳಿ, ಇಲ್ಲವೇ ಇಬ್ಬರನ್ನು ದಂಡೆಯಲ್ಲಿ ಬಿಡಿ. ‘ಅಡ್ಜಸ್ಟ್ ಮಾಡೋಣು’ ಅಂತ ಬೋಟಿನವರೇ ಅಂದರೆ ಆ ಬೋಟು ಬೇಡ.

ಯಾವ ಬೋಟು, ಯಾವ ಹೊತ್ತು

ಯಾಟ್ ಅಂತ ಕರೆಯುವುದರಲ್ಲಿ ಮೂರು ಜಾತಿ. ಒಂದೇ ಒಡಲಿನ ಹಾಯಿ ಬೋಟು. ಗಾಳಿ ಹಿಡಿದಾಗ ಒಂದು ಪಕ್ಕಕ್ಕೆ ವಾಲಿಕೊಂಡೇ ಸಾಗುತ್ತದೆ, ಅದೇ ಅದರ ಸೊಗಸು, ಹೊಸಬರಿಗೆ ಅದೇ ಭಯ. ಕ್ಯಾಟಮರಾನ್‌ಗೆ ಎರಡು ಒಡಲು, ನಡುವೆ ಅಗಲವಾದ ಕಟ್ಟೆ. ಅಷ್ಟಾಗಿ ವಾಲುವುದಿಲ್ಲ, ವಯಸ್ಸಾದವರಿಗೆ, ಮಕ್ಕಳಿಗೆ ಇದು ಹಿತ. ಮೂರನೆಯದು ಬರೀ ಇಂಜಿನ್ನಿನ ಮೋಟಾರ್ ಯಾಟ್. ಫೋಟೋಗಳಲ್ಲಿ ನೀವು ನೋಡಿದ್ದು ಬಹುತೇಕ ಇದೇ. ಡೀಸೆಲ್ ಚೆನ್ನಾಗಿ ಕುಡಿಯುತ್ತದೆ, ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ. ಉದ್ದವನ್ನು ಅಡಿಯಲ್ಲಿ ಹೇಳುತ್ತಾರೆ. ಅಡಿ ಹೆಚ್ಚಾದಂತೆ ದುಡ್ಡು ಏರುತ್ತದೆ, ಆದರೆ ಐದಾರು ಮಂದಿಗೆ ಮೂವತ್ತು ಅಡಿಯ ಬೋಟು ಧಾರಾಳ ಸಾಕು. ಮೊದಲ ಸಲಕ್ಕೆ ನನ್ನ ಮತ ಕ್ಯಾಟಮರಾನ್‌ಗೆ, ಹಾಯಿ ಇರುವಂಥದ್ದಕ್ಕೆ. ಇಂಜಿನ್ ಆರಿಸಿ ಹಾಯಿ ಎತ್ತಿದ ಮೇಲೆ ಸಿಗುವ ಆ ನಿಶ್ಶಬ್ದಕ್ಕೇ ದುಡ್ಡು ಕೊಡಬಹುದು. ಬರೀ ಡಿಜೆ ಹಾಕಿ ಕುಣಿಯಬೇಕಿದ್ದರೆ ಇಲ್ಲೇ ಗೋಕುಲ ರೋಡಿನಲ್ಲಿ ಒಂದು ಹಾಲ್ ಹಿಡಿಯಬಹುದಲ್ಲ.

ಹೊತ್ತಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಉಣಕಲ್ ಕೆರೆಯ ನೀರು ಏರುವುದು ಮಳೆಗಾಲಕ್ಕೊಮ್ಮೆ; ಮಾಂಡೋವಿಯ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನಿನ್ನೆಯ ಹೊತ್ತಿಗಿಂತ ಇಂದು ಸುಮಾರು ಮುಕ್ಕಾಲು ಗಂಟೆ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಹೆಚ್ಚು, ಎರಡು ಮೀಟರ್ ಹತ್ತಿರವೂ ಹೋಗುತ್ತದೆ. ಇದರಿಂದ ನಿಮಗೇನು? ಇಳಿತದ ಹೊತ್ತಿನಲ್ಲಿ ಜೆಟ್ಟಿಯ ಅಂಚಿಗಿಂತ ಬೋಟು ಬಹಳ ಕೆಳಗೆ ನಿಂತಿರುತ್ತದೆ. ಮೊಣಕಾಲು ನೋವಿನ ಅಜ್ಜಿ ಅಲ್ಲಿಂದ ಇಳಿಯುವುದು ಕಷ್ಟ. ‘ನಾವು ಹತ್ತೂ ಹೊತ್ತಿಗೆ ನೀರು ಎಷ್ಟಿರತೈತಿ? ತೇಲೂ ಜೆಟ್ಟಿ ಐತೋ, ಮೆಟ್ಟಲೋ?’ ಎಂದು ಕೇಳಿ. ತೇಲುವ ಜೆಟ್ಟಿ ನೀರಿನ ಜೊತೆಗೇ ಏರಿ ಇಳಿಯುವುದರಿಂದ ಆ ತೊಂದರೆ ಇಲ್ಲ.

ಗಾಳಿಗೂ ಒಂದು ದಿನಚರಿ ಇದೆ. ಚಳಿಗಾಲದಿಂದ ಬೇಸಿಗೆಯವರೆಗೆ ಬೆಳಿಗ್ಗೆ ನೆಲದ ಕಡೆಯಿಂದ ತೆಳುವಾದ ಗಾಳಿ, ನೀರು ಹೆಚ್ಚುಕಡಿಮೆ ಸಪಾಟು. ಮಧ್ಯಾಹ್ನ ದಾಟಿದ ಮೇಲೆ ವಾಯವ್ಯದಿಂದ ಕಡಲಗಾಳಿ ಎದ್ದು ಸಂಜೆಯವರೆಗೆ ಬಲಿಯುತ್ತದೆ, ಹೊತ್ತು ಮುಳುಗುತ್ತಾ ಸಪ್ಪಗಾಗುತ್ತದೆ. ಹಾಗಾಗಿ ಹೊಟ್ಟೆ ತೊಳಸುವವರು ಹೆಚ್ಚಿದ್ದರೆ ಬೆಳಗಿನ ಹೊತ್ತು ಹಿಡಿಯಿರಿ, ಹಾಯಿಯ ಮಜಾ ಬೇಕಿದ್ದರೆ ಮೂರು-ನಾಲ್ಕು ಗಂಟೆಯ ಹೊತ್ತು. ಎಲ್ಲರೂ ಕೇಳುವುದು ಸೂರ್ಯಾಸ್ತದ ಹೊತ್ತು, ದರವೂ ಅದಕ್ಕೇ ಹೆಚ್ಚು. ಡಿಸೆಂಬರ್‌ನಲ್ಲಿ ಪಣಜಿಯಲ್ಲಿ ಆರು ದಾಟುತ್ತಿದ್ದಂತೆಯೇ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ ಏಳರ ಹತ್ತಿರ. ಎರಡು ಗಂಟೆಯ ಬಾಡಿಗೆಯಾದರೆ ಇದರಿಂದ ಹಿಂದಕ್ಕೆ ಎಣಿಸಿ ಹೊತ್ತು ಹೇಳಿ. ಸೀಸನ್ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ. ಮಳೆಗಾಲದಲ್ಲಿ ಅಳಿವೆಯ ಬಾಯಲ್ಲಿ ಅಲೆ ಒಡೆಯುತ್ತದೆ. ಜೂನ್-ಜುಲೈನಲ್ಲಿ ‘ಅಗ್ಗಕ್ಕೆ ಸಮುದ್ರಕ್ಕ ಕರಕೊಂಡು ಹೋಗ್ತೇವಿ’ ಅನ್ನುವವರ ಫೋನ್ ಇಟ್ಟುಬಿಡಿ.

ಎರಡು ಗಂಟೆಗೆ ಮಾಂಡೋವಿಯ ಬಾಯಿಯೇ ಸಾಕಷ್ಟಾಯಿತು. ಪಣಜಿಯಿಂದ ಹೊರಟರೆ ಎಡಕ್ಕೆ ಮೀರಾಮಾರ್ ದಂಡೆ, ಬಲಕ್ಕೆ ರೀಸ್ ಮಾಗೋಸ್ ಕೋಟೆ, ಮುಂದೆ ಕೋಕೋ ಬೀಚು, ಆಮೇಲೆ 1612ರಲ್ಲಿ ಪೋರ್ಚುಗೀಸರು ಕಟ್ಟಿ ಮುಗಿಸಿದ ಅಗ್ವಾದ ಕೋಟೆ. ಆ ಕಡೆ ಡಾಲ್ಫಿನ್ ಕಾಣಬಹುದು. ಕಾಣದಿದ್ದರೆ ಕ್ಯಾಪ್ಟನ್ ಮೇಲೆ ಸಿಟ್ಟಾಗಬೇಡಿ. ಕಂಡರೆ ಅಟ್ಟಿಸಿಕೊಂಡು ಹೋಗಿ ಎಂದು ಜುಲುಮೆ ಮಾಡಲೂಬೇಡಿ. ‘ಇನ್ನೂ ಹೊರಗ ಹೋಗೋಣು’ ಅನ್ನುವ ಉತ್ಸಾಹ ತಂಡದಲ್ಲಿ ಒಬ್ಬರಿಗೆ ಬಂದೇ ಬರುತ್ತದೆ. ಮೊದಲ ಸಲಕ್ಕೆ ಅಗ್ವಾದದ ಮೂಲೆ ದಾಟುವುದು ಬೇಡ.

ಫೋನಿನಲ್ಲಿ ಏನು ಕೇಳುವುದು

ದರ ಬೋಟಿನಿಂದ ಬೋಟಿಗೆ, ವಾರದಿಂದ ವಾರಕ್ಕೆ ಬೇರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೇಳುವುದೇ ಬೇಡ. ಆದ್ದರಿಂದ ಅಂಕಿ ಹೇಳುವ ಬದಲು ದರದೊಳಗೆ ಏನೇನು ಸೇರಿದೆ ಎಂದು ಹೇಗೆ ತಿಳಿಯುವುದು ಅನ್ನುವುದನ್ನು ಹೇಳುತ್ತೇನೆ. ಎರಡು ಗಂಟೆ ಅಂದರೆ ಜೆಟ್ಟಿ ಬಿಟ್ಟಲ್ಲಿಂದ ಮತ್ತೆ ಜೆಟ್ಟಿ ಮುಟ್ಟುವವರೆಗೋ, ಅಥವಾ ನೀವು ಬಂದು ನಿಲ್ಲಬೇಕಾದ ಹೊತ್ತಿನಿಂದಲೋ? ಇಂಧನ, ಕ್ಯಾಪ್ಟನ್, ಸಹಾಯಕ, ತೆರಿಗೆ ಎಲ್ಲ ಸೇರಿಯೋ? ತಡವಾದರೆ ಅರ್ಧ ಗಂಟೆಗೆ ಎಷ್ಟು? ಎಷ್ಟು ಮಂದಿ ಎನ್ನುವಾಗ ಮಕ್ಕಳು ಲೆಕ್ಕಕ್ಕೆ ಇದ್ದಾರೋ ಇಲ್ಲವೋ? ಫೋಟೋಗ್ರಾಫರ್ ಮತ್ತು ಅವನ ಇಬ್ಬರು ಹುಡುಗರು ನಿಮ್ಮ ಲೆಕ್ಕದಲ್ಲೇ ಬರುತ್ತಾರೆ, ಇದನ್ನು ಮರೆಯುವವರೇ ಹೆಚ್ಚು. ಡ್ರೋನ್ ಹಾರಿಸಬೇಕೆಂದಿದ್ದರೆ ಅದಕ್ಕೆ ಬೇರೆ ಅನುಮತಿ.

ಆಮೇಲೆ ಕಾಗದ. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನದಿಯಲ್ಲಿ ಓಡುವ ಇಂಜಿನ್ ಬೋಟಿಗೆ ನೋಂದಣಿ, ಸರ್ವೆ ಪ್ರಮಾಣಪತ್ರ, ವಿಮೆ ಇರಬೇಕು, ನಡೆಸುವವರಿಗೆ ಅರ್ಹತಾ ಪತ್ರ ಇರಬೇಕು. ಗೋವಾದಲ್ಲಿ ಇದನ್ನು ನೋಡಿಕೊಳ್ಳುವುದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ, ಅದರ ಕಚೇರಿ ಪಣಜಿಯಲ್ಲೇ ಇದೆ. ಬೋಟಿನ ನೋಂದಣಿ ಸಂಖ್ಯೆ, ಪ್ರಯಾಣಿಕರ ಮಿತಿ, ವಿಮೆಯ ಕೊನೆಯ ದಿನಾಂಕ ಈ ಮೂರನ್ನು ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಸರಿಯಾದ ಮಾಲೀಕರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ‘ಅದೆಲ್ಲಾ ನಮ್ಮ ಕಡೆ ಐತಿ, ನೀವು ಬರ್ರಿ’ ಅನ್ನುವವರು ಮಾಲೀಕರಾಗಿರಲಿಕ್ಕಿಲ್ಲ, ನಡುವಿನವರು. ನಡುವಿನವರ ಮೂಲಕ ಹೋಗುವುದು ತಪ್ಪೇನಲ್ಲ, ಆದರೆ ಫೋಟೋದಲ್ಲಿನ ಬೋಟು ಕೆಟ್ಟರೆ ಬದಲಿಗೆ ಯಾವುದು ಕೊಡುತ್ತಾರೆ, ಅದು ಬೇಡವೆಂದರೆ ದುಡ್ಡು ಪೂರ್ತಿ ವಾಪಸ್ಸೋ ಎಂಬುದು ಬರಹದಲ್ಲಿರಲಿ. ಪೂರ್ತಿ ಹಣ ಮುಂಚೆಯೇ ಹಾಕಬೇಡಿ. ಹಾಕುವ ಮುಂಗಡವೂ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಬರಲಿ.

ಹವಾಮಾನದ ಮಾತನ್ನು ಇನ್ನೂ ಖಚಿತವಾಗಿ ಆಡಿಕೊಳ್ಳಿ. ಗಾಳಿ ಹೆಚ್ಚಾಗಿ ಕ್ಯಾಪ್ಟನ್ ‘ಇವತ್ತು ಆಗೂದಿಲ್ಲ’ ಅಂದರೆ ಹಣ ವಾಪಸ್ಸೋ, ಬೇರೆ ದಿನವೋ? ಉಣಕಲ್‌ನಿಂದ ಹೋದವರಿಗೆ ‘ಬೇರೆ ದಿನ’ ಅನ್ನುವುದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮತ್ತೆ ಘಟ್ಟ ಇಳಿಯಬೇಕಲ್ಲ. ಬೇಡ ಅಂದ ಕ್ಯಾಪ್ಟನ್ ಜೊತೆ ಚೌಕಾಶಿಗೆ ಇಳಿಯಬೇಡಿ. ನಿಮ್ಮ ದುಡ್ಡಿನಲ್ಲಿ ಬಹುಪಾಲು ಕೊಟ್ಟಿದ್ದು ಅವರ ಆ ತೀರ್ಮಾನಕ್ಕೇ.

ಹೊರಡುವ ದಿನ

ಧಾರವಾಡ, ಅಳ್ನಾವರ, ರಾಮನಗರ, ಅನಮೋಡ ಘಟ್ಟ, ಮೊಲ್ಲೆಂ, ಫೋಂಡಾ, ಪಣಜಿ. ಸುಮಾರು 170 ಕಿಲೋಮೀಟರ್ ದಾರಿ. ಕಾರಿನಲ್ಲಿ ನಾಲ್ಕೂವರೆ-ಐದು ತಾಸು ಇಟ್ಟುಕೊಳ್ಳಿ. ಹುಬ್ಬಳ್ಳಿಯಿಂದ ಪಣಜಿಗೆ ಬಸ್ಸುಗಳಿವೆ. ರೈಲಿನಲ್ಲಾದರೆ ಕ್ಯಾಸಲ್‌ರಾಕ್, ದೂಧಸಾಗರ, ಕುಳೆಂ ದಾಟಿ ಮಡಗಾಂವಿಗೆ ಇಳಿದು ಅಲ್ಲಿಂದ ಪಣಜಿಗೆ ಬಸ್ಸು. ದಾರಿ ಚೆಂದ, ಆದರೆ ಯಾಟ್ ಹತ್ತುವ ದಿನವೇ ರೈಲು ನಂಬಬೇಡಿ, ಹಿಂದಿನ ದಿನ ಹೋಗಿ. ಬೆಳಿಗ್ಗೆ ಐದೂವರೆಗೆ ಉಣಕಲ್ ಬಿಟ್ಟು, ಪಣಜಿಯಲ್ಲಿ ಊಟ ಮಾಡಿ, ಸಂಜೆ ಬೋಟು ಹತ್ತಿ, ರಾತ್ರಿ ಅಲ್ಲೇ ತಂಗುವುದು ಸರಿಯಾದ ಕ್ರಮ. ಅದೇ ರಾತ್ರಿ ಅನಮೋಡ ಹತ್ತಿ ವಾಪಸ್ ಬರುವ ಸಾಹಸ ಬೇಡ. ಅದರಲ್ಲೂ ಗಾಡಿ ಓಡಿಸುವವರು ವಾಂತಿಯ ಗುಳಿಗೆ ನುಂಗಿದ್ದರೆ ಬೇಡವೇ ಬೇಡ. ಅವೊಮಿನ್‌ನಂಥ ಗುಳಿಗೆಯಿಂದ ಚೆನ್ನಾಗಿ ನಿದ್ದೆ ಬರುತ್ತದೆ. ಅದನ್ನು ಹೊಟ್ಟೆ ತೊಳಸಿದ ಮೇಲೆ ತೆಗೆದುಕೊಂಡರೆ ಪ್ರಯೋಜನವಿಲ್ಲ, ಹತ್ತುವ ಒಂದೆರಡು ತಾಸು ಮೊದಲೇ ತೆಗೆದುಕೊಳ್ಳಬೇಕು. ಬಸುರಿಯರು, ಬೇರೆ ಔಷಧಿ ಇರುವವರು, ಮಕ್ಕಳ ವಿಷಯದಲ್ಲಿ ಡಾಕ್ಟರನ್ನು ಕೇಳಿಯೇ. ಗುಳಿಗೆ ಬೇಡವೆನ್ನುವವರು ಬೋಟಿನ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡುತ್ತಿರಲಿ, ಮೊಬೈಲ್ ನೋಡುವುದು ಬೇಡ, ಒಳಗಿನ ಕ್ಯಾಬಿನ್ನಿಗೆ ಇಳಿಯುವುದು ಬೇಡ.

ಬುತ್ತಿ ಒಯ್ಯಲು ಬಿಡುತ್ತಾರೋ ಕೇಳಿಕೊಳ್ಳಿ. ಬಿಟ್ಟರೆ ಗಿರ್ಮಿಟ್ ಕಟ್ಟಬೇಡಿ. ಕಡಲಗಾಳಿಗೆ ಚುರುಮುರಿ ಮೊದಲು ಮೆತ್ತಗಾಗಿ, ಆಮೇಲೆ ಹಾರಿ, ಕೊನೆಗೆ ಡೆಕ್ಕಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಮಿರ್ಚಿಯ ಎಣ್ಣೆ ಬಿಳಿ ಸೋಫಾಕ್ಕೆ ಹತ್ತಿದರೆ ಠೇವಣಿ ಹೋಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಬಾಳೆಹಣ್ಣು, ನೀರು ಸಾಕು. ಗಾಜಿನ ಬಾಟಲಿ ಬೇಡ. ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಆ ಗಾಳಿಗೆ ನಿಲ್ಲುವುದಿಲ್ಲ, ಬಣ್ಣದ ಕಾಗದ ಚೆಲ್ಲುವುದು ನದಿಗೆ ಕಸ ಹಾಕಿದಂತೆ. ಚಪ್ಪಲಿ, ಬೂಟು ಜೆಟ್ಟಿಯಲ್ಲೇ ಬಿಡಿಸುತ್ತಾರೆ; ಹೈ ಹೀಲ್ಸ್ ಫೋಟೋಗೆ ಬೇಕೇ ಬೇಕೆಂದರೆ ಮೊದಲೇ ಕೇಳಿ. ಇಳಿಬಿಟ್ಟ ಸೆರಗು, ಉದ್ದ ದುಪಟ್ಟಾ ಹಗ್ಗಕ್ಕೆ ಸಿಗುತ್ತವೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಒಳಗಿನ ಶೌಚಾಲಯದ ಪೈಪು ಸಣ್ಣದು, ಟಿಶ್ಯೂ ಹಾಕಿದರೆ ಕಟ್ಟಿಕೊಳ್ಳುತ್ತದೆ. ಎಲ್ಲರೂ ದಂಡೆಯಲ್ಲೇ ಮುಗಿಸಿ ಹತ್ತುವುದು ಒಳ್ಳೆಯದು.

ಹತ್ತಿದ ಕೂಡಲೇ ಕ್ಯಾಪ್ಟನ್ ಐದು ನಿಮಿಷ ಮಾತಾಡಬೇಕು: ಜಾಕೆಟ್ ಎಲ್ಲಿ, ತೇಲು ಬಳೆ ಎಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ, ಯಾವ ಹಗ್ಗ ಮುಟ್ಟಬಾರದು, ಯಾರಾದರೂ ಬಿದ್ದರೆ ಏನು ಮಾಡಬೇಕು. ಅವರಾಗಿ ಹೇಳದಿದ್ದರೆ ನೀವೇ ಕೇಳಿ, ಹಿಂದಿ ನಡೆಯುತ್ತದೆ. ಕೆಲಸದ ಹುಡುಗರಲ್ಲಿ ಬಾಗಲಕೋಟೆ, ವಿಜಯಪುರದ ಕಡೆಯವರು ಸಿಕ್ಕರೂ ಅಚ್ಚರಿಯಿಲ್ಲ. ಜಾಕೆಟ್ ಫೋಟೋಗೆಂದು ತೆಗೆದಿಡುವ ಆಸೆ ಬರುತ್ತದೆ, ತೆಗೆಯಬೇಡಿ. ಮುಂಬೈಯಲ್ಲಿ 2024ರ ಡಿಸೆಂಬರ್ 18ರಂದು ಪ್ರವಾಸಿ ಬೋಟಿಗೆ ಬಂದು ಬಡಿದದ್ದು ಬೇರೆ ಬೋಟು. ನಿಮ್ಮ ಕ್ಯಾಪ್ಟನ್ ಎಷ್ಟು ಜಾಣರಾದರೂ ಎದುರಿನವರ ಕೈ ಅವರ ಹಿಡಿತದಲ್ಲಿಲ್ಲ. ಮಕ್ಕಳ ಜಾಕೆಟ್ ಅಂತೂ ದಂಡೆ ಮುಟ್ಟುವವರೆಗೂ ಮೈಮೇಲೇ ಇರಲಿ. ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554 ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಕುಡಿದವರು ನೀರಿಗೆ ಇಳಿಯಬಾರದು, ಇದರಲ್ಲಿ ಭಾವನ ಮಾತೂ ನಡೆಯಬಾರದು.

ಈ ಎರಡು ಗಂಟೆಯ ರುಚಿ ಹತ್ತಿ ತಾವೇ ಚುಕ್ಕಾಣಿ ಹಿಡಿಯಬೇಕು ಅನ್ನಿಸುವವರಿಗೆ ಬೇರೆ ದಾರಿ ಇದೆ. ಗ್ರೀಸ್, ಕ್ರೊಯೇಷಿಯಾಗಳಲ್ಲಿ ಕ್ಯಾಪ್ಟನ್ ಇಲ್ಲದೆ ಬರೀ ಬೋಟನ್ನು ವಾರದ ಲೆಕ್ಕಕ್ಕೆ ಕೊಡುತ್ತಾರೆ, ಆದರೆ ಬೋಟು ನಡೆಸುವ ಪ್ರಮಾಣಪತ್ರ ಕೇಳುತ್ತಾರೆ. ವಿದೇಶದಲ್ಲಿರುವ ಮಗ-ಸೊಸೆ ಅಂಥ ಪ್ಲಾನ್ ಹಾಕಿದ್ದರೆ, ಮೊದಲ ವರ್ಷ ಅಲ್ಲಿಯೂ ಕ್ಯಾಪ್ಟನ್ ಇಟ್ಟುಕೊಳ್ಳಲು ಹೇಳಿ. ಊಟ, ಇಂಧನ, ಬಂದರಿನ ಶುಲ್ಕ ಬೇರೆ ಬೀಳುತ್ತದೆ; ಬರೀ ಬಾಡಿಗೆ ನೋಡಿ ಬಜೆಟ್ ಹಾಕಿದರೆ ಕೈ ಸುಟ್ಟುಕೊಳ್ಳುತ್ತಾರೆ. ಕಲಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಜಲಕ್ರೀಡಾ ಸಂಸ್ಥೆ ಇದೆ.

ಇಷ್ಟೆಲ್ಲ ಸಿದ್ಧತೆ ಮಾಡಿ ಹೋದ ದಿನವೇ ಗಾಳಿ ಎದ್ದು ಬೋಟು ರದ್ದಾದರೆ? ಮುಖ ಸಪ್ಪೆ ಮಾಡಿಕೊಂಡು ಹೋಟೆಲ್ ರೂಮಿಗೆ ಹೋಗಬೇಡಿ. ಹಳೆ ಗೋವಾಕ್ಕೆ ಹೋಗಿ ದಿವಾರ್ ದ್ವೀಪದ ಸರ್ಕಾರಿ ಫೆರ್ರಿ ಹತ್ತಿ. ಅದು ಒಳನದಿ, ಅಳಿವೆಯ ಅಲೆ ಅಲ್ಲಿಗೆ ಬರುವುದಿಲ್ಲ, ನಡೆದು ಹತ್ತುವವರಿಗೆ ಟಿಕೆಟ್ಟೂ ಇಲ್ಲ. ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು 2017ರ ಸೆಪ್ಟೆಂಬರ್‌ನಿಂದ 2018ರ ಮೇವರೆಗೆ ಭೂಮಿ ಸುತ್ತಿಬಂದ 56 ಅಡಿಯ ಹಾಯಿ ಬೋಟು ‘ತಾರಿಣಿ’ಯನ್ನು ಕಟ್ಟಿದ್ದು ಅದೇ ದ್ವೀಪದ ಒಂದು ಬೋಟ್ ಯಾರ್ಡಿನಲ್ಲಿ. ಮುಂಗಡದ ಹಣ ವಾಪಸ್ ಕೇಳುವ ಮೆಸೇಜನ್ನು ಫೆರ್ರಿಯ ಮೇಲಿಂದಲೇ ಹಾಕಬಹುದು.